ವಾಲ್‌ನಟ್, ಆಲಿವ್ ಎಣ್ಣೆ ಮತ್ತು ಶೇ. 30ರ ಲೆಕ್ಕ

ಶ್ರೀಪತಿ ದೊಡ್ಡಪ್ಪ (ಫಾರ್ವರ್ಡ್): ದಿನಕ್ಕೊಂದು ಹಿಡಿ ವಾಲ್‌ನಟ್, ಬಾದಾಮಿ ತಿಂದರೆ ಅಥವಾ ಅಡುಗೆಗೆ ಆಲಿವ್ ಎಣ್ಣೆ ಬಳಸಿದರೆ ಹೃದಯಾಘಾತ ಶೇ. 30ರಷ್ಟು ಕಡಿಮೆಯಾಗುತ್ತದೆಂದು ಸ್ಪೇನ್‌ನಲ್ಲಿ 7,447 ಜನರ ಮೇಲೆ ನಡೆದ ಸಂಶೋಧನೆ ಸಾಬೀತುಪಡಿಸಿದೆ.

ಶ್ರೀಪತಿ ದೊಡ್ಡಪ್ಪ: ಇದು ಎಲ್ಲೋ ಹುಟ್ಟಿದ ಗಾಳಿಸುದ್ದಿಯಲ್ಲ. ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ 2013ರಲ್ಲಿ ಪ್ರಕಟಿಸಿದ ‘ಪ್ರೆಡಿಮೆಡ್’ ಅಧ್ಯಯನ. ಸುಮತಿ, ನಿಮ್ಮ ಮನೆಯ ಕಡಲೆಕಾಯಿ ಎಣ್ಣೆಯ ವಿಷಯ ಸ್ವಲ್ಪ ಯೋಚಿಸು.

ಚೇತನ್: ದೊಡ್ಡಪ್ಪ, ಆ ಪ್ರಬಂಧವನ್ನು ಬರೆದವರೇ 2018ರ ಜೂನ್‌ನಲ್ಲಿ ಹಿಂತೆಗೆದುಕೊಂಡಿದ್ದಾರೆ. ಹಿಂತೆಗೆದುಕೊಂಡ ಪ್ರಬಂಧವನ್ನು ಹಂಚುವುದರಲ್ಲಿ ಅರ್ಥವಿಲ್ಲ.

ಶ್ರೀಪತಿ ದೊಡ್ಡಪ್ಪ: ಅದರ ಜೊತೆಯಲ್ಲೇ ತಿದ್ದಿದ ಆವೃತ್ತಿಯೂ ಅದೇ ಪತ್ರಿಕೆಯಲ್ಲಿ ಬಂದಿದೆ, ಅಂಕಿಗಳೂ ಹೆಚ್ಚುಕಡಿಮೆ ಅವೇ ಇವೆ. ಅರ್ಧ ಸುದ್ದಿ ಹೇಳಿ ಹಿರಿಯರ ಬಾಯಿ ಮುಚ್ಚಿಸಬೇಡ.

ಮೇಧಾ: ದೊಡ್ಡಪ್ಪ, ನೀವು ಪತ್ರಿಕೆಯ ಹೆಸರು ನೋಡಿ ಒಪ್ಪಿದ್ದೀರಿ, ಚೇತನ್ ‘ಹಿಂತೆಗೆತ’ ಎಂಬ ಮುದ್ರೆ ನೋಡಿ ತಳ್ಳಿಹಾಕಿದ್ದಾನೆ, ಇಬ್ಬರೂ ಒಳಗಿನ ವಿಧಾನದ ಭಾಗಕ್ಕೆ ಹೋಗಿಲ್ಲ. ಹಿಂತೆಗೆದದ್ದು ಏಕೆಂದು ನೋಡಿ. ಜನರನ್ನು ಮೂರು ಗುಂಪು ಮಾಡಿ, ಎರಡಕ್ಕೆ ಮೆಡಿಟರೇನಿಯನ್ ಆಹಾರದ (ತರಕಾರಿ, ಕಾಳು, ಮೀನು ಹೆಚ್ಚಿರುವ ಊಟ) ಜೊತೆ ಆಲಿವ್ ಎಣ್ಣೆ ಅಥವಾ ವಾಲ್‌ನಟ್, ಬಾದಾಮಿಯಂಥ ಬೀಜಗಳನ್ನು ಕೊಟ್ಟು, ಮೂರನೆಯದನ್ನು ಹೋಲಿಕೆಗೆ ಇಟ್ಟಿದ್ದರು; ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕಿತ್ತು. ಬ್ರಿಟನ್ನಿನ ಅರಿವಳಿಕೆ ತಜ್ಞ ಜಾನ್ ಕಾರ್ಲೈಲ್ 2017ರಲ್ಲಿ 5,000ಕ್ಕೂ ಹೆಚ್ಚು ಪ್ರಯೋಗಗಳ ಆರಂಭಿಕ ಕೋಷ್ಟಕಗಳನ್ನು (ಶುರುವಿನಲ್ಲಿ ಪ್ರತಿ ಗುಂಪಿನವರ ವಯಸ್ಸು, ತೂಕ ಇತ್ಯಾದಿ) ಪರಿಶೀಲಿಸಿದಾಗ, ಚೀಟಿ ಎತ್ತಿ ಹಂಚಿದಂತೆ ಕಾಣದ ಗುಂಪುಗಳಿದ್ದ ಪ್ರಯೋಗಗಳ ಪೈಕಿ ಇದೂ ಒಂದಾಗಿತ್ತು. ಲೇಖಕರು ಹಳೆಯ ದಾಖಲೆ ತೆಗೆದು ನೋಡಿದರೆ, ಒಂದೇ ಮನೆಯ ಎರಡನೆಯ ಸದಸ್ಯರನ್ನು ಮೊದಲನೆಯವರ ಗುಂಪಿಗೇ ಸೇರಿಸಿದ್ದು, ಒಂದು ಕೇಂದ್ರದಲ್ಲಿ ಇಡೀ ಚಿಕಿತ್ಸಾಲಯಗಳಿಗೇ ಒಂದೊಂದು ಆಹಾರ ಗೊತ್ತುಮಾಡಿದ್ದು ಹೊರಬಂತು. ಅಂಥ ಸಂದೇಹವಿದ್ದ 1,588 ಜನರನ್ನು ಬಿಟ್ಟು ಲೆಕ್ಕ ಹಾಕಿದರೂ ಫಲಿತಾಂಶ ಅಷ್ಟೇನೂ ಬದಲಾಗಲಿಲ್ಲ. ಬದಲಾದದ್ದು ಲೇಖಕರ ಭಾಷೆ: ಮೊದಲು ‘ಈ ಆಹಾರ ಹೃದಯ, ರಕ್ತನಾಳದ ತೊಂದರೆಗಳನ್ನು ತಗ್ಗಿಸಿತು’ ಎಂದಿದ್ದವರು, ಈಗ ‘ಈ ಗುಂಪಿಗೆ ಸೇರಿದವರಲ್ಲಿ ತೊಂದರೆಗಳು ಕಡಿಮೆ ಇದ್ದವು’ ಎನ್ನುತ್ತಾರೆ. ಎರಡು ಆವೃತ್ತಿಗಳ ತೀರ್ಮಾನಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ನನ್ನ ಮಟ್ಟಿಗೆ ಇಡೀ ಪ್ರಕರಣದ ಸಾರ ಅಲ್ಲಿದೆ.

ಶ್ರೀಪತಿ ದೊಡ್ಡಪ್ಪ: ಸರಿ, ಭಾಷೆ ಮೆತ್ತಗಾಯಿತು. ಆದರೆ 30 ಎಂಬ ಅಂಕಿ ಉಳಿಯಿತಲ್ಲ?

ಮೇಧಾ: ಉಳಿಯಿತು, ಆದರೆ ಯಾವುದರ 30 ಎಂದು ಕೇಳಬೇಕು. ಬೀಜಗಳನ್ನು ಕೊಟ್ಟ ಗುಂಪಿನ 2,454 ಜನರಲ್ಲಿ 83 ಮಂದಿಗೆ ತೊಂದರೆಯಾಯಿತು. ಕೊಬ್ಬು ಕಡಿಮೆ ಮಾಡಲು ಸಲಹೆ ಪಡೆದ ಹೋಲಿಕೆಯ ಗುಂಪಿನ 2,450 ಜನರಲ್ಲಿ 109 ಮಂದಿಗೆ. ಎಂದರೆ ಸುಮಾರು ಐದು ವರ್ಷಗಳಲ್ಲಿ ಸಾವಿರಕ್ಕೆ 34 ಮತ್ತು 44.

ಶ್ರೀಪತಿ ದೊಡ್ಡಪ್ಪ: ನಲವತ್ತು ವರ್ಷ ಗಣಿತ ಕಲಿಸಿದವನಿಗೆ ಇದು ಒಪ್ಪಿಗೆಯಾಗದು. 44 ಇದ್ದದ್ದು 34ಕ್ಕೆ ಇಳಿದರೆ ಅದು ಶೇ. 23 ಆಗುತ್ತದೆಯೇ ಹೊರತು ಶೇ. 30ರ ಸಮೀಪಕ್ಕೆ ಬರುವುದಿಲ್ಲ.

ಮೇಧಾ: ಸರಿಯಾದ ಜಾಗದಲ್ಲೇ ಹಿಡಿದಿರಿ. ಎಲ್ಲರೂ ಕೊನೆಯವರೆಗೆ ಅಧ್ಯಯನದಲ್ಲಿ ಉಳಿಯಲಿಲ್ಲ. ಹೋಲಿಕೆಯ ಗುಂಪಿನಲ್ಲಿ ಶೇ. 11.3 ಮಂದಿ ಸಂಪರ್ಕ ತಪ್ಪಿದರು, ಉಳಿದೆರಡು ಗುಂಪುಗಳಲ್ಲಿ ಒಟ್ಟಾರೆ ಶೇ. 4.9 ಮಾತ್ರ. ಆದ್ದರಿಂದ ತಲೆಗಳನ್ನಲ್ಲ, ಪ್ರತಿಯೊಬ್ಬರೂ ನಿಗಾದಲ್ಲಿದ್ದ ವರ್ಷಗಳನ್ನು ಕೂಡಿ ಲೆಕ್ಕ ಹಾಕುತ್ತಾರೆ. ಹಾಗೆ ಹಾಕಿದಾಗ ಅಂಥ ಸಾವಿರ ವರ್ಷಗಳಿಗೆ ಹೋಲಿಕೆಯ ಗುಂಪಿನಲ್ಲಿ 11.2, ಬೀಜಗಳ ಗುಂಪಿನಲ್ಲಿ 8.0 ತೊಂದರೆಗಳಾಗುತ್ತವೆ, ಇಳಿಕೆ ಶೇ. 28ರ ಹತ್ತಿರ ಬರುತ್ತದೆ. ಲೆಕ್ಕ ತಪ್ಪಲ್ಲ. ಆದರೆ ಸಾವಿರ ಜನರಲ್ಲಿ ಹತ್ತು ಮಂದಿ ಎಂದು ಬರೆದಿದ್ದರೆ ಆ ಸಂದೇಶವನ್ನು ಯಾರು ಫಾರ್ವರ್ಡ್ ಮಾಡುತ್ತಿದ್ದರು?

ಚೇತನ್: ಒಂದು ಕಡೆಯಿಂದ ಎರಡು ಪಟ್ಟಿಗಿಂತ ಹೆಚ್ಚು ಜನ ಬಿಟ್ಟುಹೋಗಿದ್ದಾರೆಂದರೆ ನನಗೆ ಆ ಹತ್ತರ ಮೇಲೂ ನಂಬಿಕೆಯಿಲ್ಲ. ಮೊದಲ ಕೆಲವು ವರ್ಷ ಹೋಲಿಕೆಯ ಗುಂಪಿಗೆ ಕೊಟ್ಟದ್ದು ವರ್ಷಕ್ಕೊಂದು ಕರಪತ್ರವಂತೆ; ಉಳಿದವರಿಗೆ ಮೂರು ತಿಂಗಳಿಗೊಮ್ಮೆ ಆಹಾರತಜ್ಞರ ಭೇಟಿ, ಮೇಲೆ ಎಣ್ಣೆ, ಬೀಜಗಳು ಉಚಿತ.

ಮೇಧಾ: ಆ ಅನುಮಾನ ಇರಲೇಬೇಕು. ಬಿಟ್ಟುಹೋದವರ ತೂಕವೇ ಹೆಚ್ಚಿದ್ದುದರಿಂದ ಅವರು ಉಳಿದಿದ್ದರೆ ವ್ಯತ್ಯಾಸ ಇನ್ನೂ ಹಿಗ್ಗುತ್ತಿತ್ತು ಎಂಬ ಧಾಟಿಯಲ್ಲಿ ಲೇಖಕರು ವಾದಿಸುತ್ತಾರೆ, ಆದರೆ ಅದು ವಾದವೇ ಹೊರತು ಅಳತೆಯಲ್ಲ. 2006ರ ಅಕ್ಟೋಬರ್‌ನಿಂದ ಎರಡೂ ಕಡೆ ಭೇಟಿಗಳನ್ನು ಸಮಮಾಡಿದರು ಎಂಬುದನ್ನೂ ಸೇರಿಸಿ ಹೇಳು. ಇನ್ನೊಂದು, ಫಾರ್ವರ್ಡ್‌ನ ನಿಜವಾದ ತಪ್ಪು ‘ಹೃದಯಾಘಾತ’ ಎಂಬಲ್ಲಿದೆ. ಅವರು ಅಳೆದದ್ದು ಹೃದಯಾಘಾತ, ಪಾರ್ಶ್ವವಾಯು, ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದಾದ ಸಾವು, ಈ ಮೂರನ್ನೂ ಕೂಡಿಸಿದ ಮೊತ್ತವನ್ನು. ಬಿಡಿಬಿಡಿಯಾಗಿ ನೋಡಿದಾಗ ಪಾರ್ಶ್ವವಾಯುವಿನಲ್ಲಿ ಮಾತ್ರ ಸ್ಪಷ್ಟವಾದ ಇಳಿಕೆ ಕಂಡಿತು.

ಸುಮತಿ ಅತ್ತೆ: ಮೇಧಾ, ಇಷ್ಟೆಲ್ಲ ಓದಿದೆ. ನಾನು ಎಣ್ಣೆ ಬದಲಿಸಬೇಕೋ ಬೇಡವೋ, ಅದನ್ನು ಹೇಳಮ್ಮ.

ಮೇಧಾ: ಅತ್ತೆ, ಆ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿಯೇ ಇಲ್ಲ. ಭಾಗವಹಿಸಿದವರು 55ರಿಂದ 80 ವರ್ಷದ, ಸಕ್ಕರೆ ಕಾಯಿಲೆಯೋ ಬೇರೆ ಅಪಾಯಗಳೋ ಇದ್ದ ಸ್ಪೇನಿನವರು. ಹೋಲಿಕೆಯ ಗುಂಪಿನವರ ಅಡುಗೆಮನೆಯಲ್ಲೂ ಆಲಿವ್ ಎಣ್ಣೆಯೇ ಇತ್ತು. ಕಡಲೆಕಾಯಿ ಎಣ್ಣೆ, ಮುದ್ದೆ, ಸಾರು, ಅನ್ನ ಇವಾವುವೂ ಆ ಕೋಷ್ಟಕಗಳಲ್ಲಿ ಇಲ್ಲ. ಎಣ್ಣೆ ಬದಲಿಸಲು ಈ ಪ್ರಬಂಧ ಕಾರಣವಾಗಲಾರದು, ನಿಮ್ಮ ಬಿ.ಪಿ. ನೋಡುವ ವೈದ್ಯರು ಹೇಳಿದರೆ ಅದು ಬೇರೆ ಮಾತು.

ಸುಮತಿ ಅತ್ತೆ: ಹಾಗಾದರೆ ಗಾಣದ ಎಣ್ಣೆಯೇ ಇರಲಿ. ಅಣ್ಣ, ಆಲಿವ್ ಎಣ್ಣೆಯ ಬೆಲೆ ಒಮ್ಮೆ ಕೇಳಿ ಆಮೇಲೆ ಉಪದೇಶ ಮಾಡು.

ಶ್ರೀಪತಿ ದೊಡ್ಡಪ್ಪ: ಎಣ್ಣೆಯ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ವಾಲ್‌ನಟ್‌ನ ಮಾತನ್ನು ತಿದ್ದಿ ಮರುಪ್ರಕಟಿಸುತ್ತೇನೆ. ಪಾರ್ಶ್ವವಾಯುವಿನ ಇಳಿಕೆಯನ್ನು ಮೇಧಾಳೂ ಅಲ್ಲಗಳೆದಿಲ್ಲ.