ಹೊಸ ತಂತ್ರಜ್ಞಾನ ಕೈಯಲ್ಲೇ ಇದ್ದರೂ ಕಂಪನಿಗಳು ಮುಳುಗುವುದೇಕೆ?

ತಿಳಿಯಬೇಕಾದವ (ಪ್ರಶ್ನೆ):
ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. ಆದರೂ ಕಂಪನಿ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ಫಿಲ್ಮ್ ವ್ಯಾಪಾರದಲ್ಲಿದ್ದ ಫ್ಯೂಜಿಫಿಲ್ಮ್ ಉಳಿದುಕೊಂಡಿತು. ‘ಕೊಡಾಕ್ ಕಣ್ಣು ಮುಚ್ಚಿ ಕೂತಿತ್ತು’ ಅನ್ನುವ ಉತ್ತರ ಸಾಲದು ಅನ್ನಿಸುತ್ತದೆ. ಹೊಸದನ್ನು ಹಳೆಯ ವಿಭಾಗದೊಳಗೇ ಬೆಳೆಸಬೇಕೋ, ಬೇರೆ ಮನೆ ಮಾಡಿಕೊಡಬೇಕೋ? ಯಾವ ಲೆಕ್ಕದ ಮೇಲೆ ಅದನ್ನು ತೀರ್ಮಾನಿಸುವುದು? ಇನ್ನೊಂದು: ಕಂಪನಿಗಳು ಎಡವಿದಾಗ ಸರ್ಕಾರಿ ಸಂಶೋಧನಾ ಸಂಸ್ಥೆ, ಅನುದಾನ ಇವುಗಳಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ?

ಜಮಾಖರ್ಚು:
ಕೊಡಾಕ್ ಕಣ್ಣು ಮುಚ್ಚಿರಲಿಲ್ಲ. 2005ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಡಿಜಿಟಲ್ ಕ್ಯಾಮೆರಾ ಮಾರಿದ್ದು ಅದೇ. ತೊಡಕು ಇದ್ದದ್ದು ಲಾಭದಲ್ಲಿ. ಫಿಲ್ಮ್ ಕಾಲದಲ್ಲಿ ಒಬ್ಬ ಗಿರಾಕಿ ರೋಲಿಗೆ, ತೊಳೆಸುವುದಕ್ಕೆ, ಪ್ರಿಂಟ್ ಕಾಗದಕ್ಕೆ ಅಂತ ಮತ್ತೆ ಮತ್ತೆ ದುಡ್ಡು ಕೊಡುತ್ತಿದ್ದ. ಡಿಜಿಟಲ್ ಕ್ಯಾಮೆರಾ ಒಮ್ಮೆ ಮಾರಿದರೆ ಮುಗಿಯಿತು, ಅದರ ಸೆನ್ಸರ್ ಮತ್ತು ಚಿಪ್ಪುಗಳನ್ನು ಯಾರು ಬೇಕಾದರೂ ಕೊಂಡು ಜೋಡಿಸಬಹುದಿತ್ತು. ಸಾಲದ್ದಕ್ಕೆ 1994ರಲ್ಲಿ ಕೊಡಾಕ್ ತನ್ನ ರಾಸಾಯನಿಕ ವಿಭಾಗವನ್ನು ಈಸ್ಟ್‌ಮನ್ ಕೆಮಿಕಲ್ ಎಂದು ಬೇರೆ ಮಾಡಿಬಿಟ್ಟಿತು. ಫ್ಯೂಜಿ ಬದುಕಿದ್ದೇ ರಸಾಯನಶಾಸ್ತ್ರದಿಂದ. ಫಿಲ್ಮಿನ ತಳಪದರಕ್ಕೆ ಬಳಸುತ್ತಿದ್ದ ಟಿಎಸಿ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನೇ ಎಲ್‌ಸಿಡಿ ಪರದೆಯ ಪೋಲರೈಸರ್ (ಬೆಳಕನ್ನು ಸೋಸುವ ಪದರ) ರಕ್ಷಣೆಗೆ ಮಾರಿತು. ಕೊಲಾಜನ್, ಫೋಟೋ ಬಣ್ಣ ಮಾಸದಂತೆ ತಡೆಯುವ ಆಂಟಿಆಕ್ಸಿಡೆಂಟ್, ಇವುಗಳ ಅನುಭವ ಚರ್ಮದ ಕ್ರೀಮಿಗೆ ಹೋಯಿತು. ಆದ್ದರಿಂದ ಮೊದಲು ಮಾಡಬೇಕಾದ್ದು ಎರಡು ಪಟ್ಟಿ: ನಾವು ಮಾರುವುದೇನು, ನಮಗೆ ಮಾಡಲು ಬರುವುದೇನು.

ಒಳಗೋ ಹೊರಗೋ ಅನ್ನುವುದಕ್ಕೆ ನಾನು ಬಳಸುವ ಒರೆಗಲ್ಲು ಇಷ್ಟೇ. ಹೊಸ ಸರಕಿನ ಮೊದಲ ಗಿರಾಕಿ ಈಗಿನ ದೊಡ್ಡ ಗಿರಾಕಿಯೇ ಆಗಿದ್ದು, ಗ್ರಾಸ್ ಮಾರ್ಜಿನ್ (ಮಾರಿದ ಬೆಲೆಯಲ್ಲಿ ತಯಾರಿಕೆಯ ಖರ್ಚು ಕಳೆದು ಉಳಿಯುವ ಪಾಲು) ಹಳೆಯದರ ಹತ್ತಿರ ಇದ್ದರೆ ಒಳಗೇ ಇರಲಿ. ಎರಡರಲ್ಲಿ ಒಂದು ತಪ್ಪಿದರೂ ಬೇರೆ ಮಾಡಿ. ಹಾರ್ಡ್ ಡಿಸ್ಕ್ ನೋಡಿ: ಅದನ್ನು ತಯಾರಿಸುವ ಸೀಗೇಟ್ ಕಂಪನಿಯ ಬಳಿ 1985ರ ಹೊತ್ತಿಗೇ 3.5 ಇಂಚಿನ ಮಾದರಿಗಳಿದ್ದವು. 5.25 ಇಂಚಿನದ್ದು ಕೊಳ್ಳುತ್ತಿದ್ದ ಡೆಸ್ಕ್‌ಟಾಪ್ ತಯಾರಕರಿಗೆ ತೋರಿಸಿದರೆ, ಅವರಿಗೆ ಬೇಕಿದ್ದದ್ದು ಹೆಚ್ಚು ಮೆಗಾಬೈಟು, ಸಣ್ಣ ಗಾತ್ರವಲ್ಲ. ಗಿರಾಕಿಯ ಮಾತು ಕೇಳಿದ್ದೇ ತಪ್ಪಾಯಿತು. ಸಣ್ಣ ಗಾತ್ರ ಬೇಕಾಗಿದ್ದ ಪೋರ್ಟಬಲ್ ಕಂಪ್ಯೂಟರಿನವರನ್ನು ಕಾನರ್ ಪೆರಿಫೆರಲ್ಸ್ ಅನ್ನುವ ಹೊಸ ಕಂಪನಿ ಹಿಡಿಯಿತು.

ಬೇರೆ ಮಾಡುವುದು ಅಂದರೆ ಬಾಗಿಲ ಮೇಲಿನ ಬೋರ್ಡು ಬದಲಿಸುವುದಲ್ಲ. ಆ ಘಟಕಕ್ಕೆ ಸ್ವಂತ ಬಜೆಟ್ ಬೇಕು, ಹಳೆಯ ಮಾರ್ಜಿನ್ ಮಿತಿ ಅದಕ್ಕೆ ಅನ್ವಯಿಸಬಾರದು, ಸಣ್ಣ ಆರ್ಡರ್ ಬಂದರೂ ಹಬ್ಬ ಅನ್ನಿಸುವಷ್ಟು ಪುಟ್ಟದಿರಬೇಕು, ತಾಯಿ ಕಂಪನಿಯ ಗಿರಾಕಿಯನ್ನೇ ಕಿತ್ತುಕೊಳ್ಳಲು ಅನುಮತಿ ಇರಬೇಕು. ಎಚ್‌ಪಿ ಲೇಸರ್ ಪ್ರಿಂಟರನ್ನು ಅಮೆರಿಕದ ಐಡಹೋ ರಾಜ್ಯದ ಬಾಯ್ಸಿಯಲ್ಲೂ ಇಂಕ್‌ಜೆಟ್ಟನ್ನು ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್‌ನಲ್ಲೂ ಇಟ್ಟು ಪರಸ್ಪರ ಕಾದಾಡಲು ಬಿಟ್ಟಿತು. ಸಾಮಾನ್ಯವಾಗಿ ಕೈಕೊಡುವುದು ಸೇಲ್ಸ್ ತಂಡವನ್ನು ಹಂಚಿಕೊಂಡಾಗ. ಕಮಿಷನ್ ಎಲ್ಲಿ ಜಾಸ್ತಿಯೋ ಅದನ್ನೇ ಮಾರುತ್ತಾರೆ, ಅವರನ್ನು ಬೈದು ಪ್ರಯೋಜನವಿಲ್ಲ.

ಗಂಟೆಮುಳ್ಳು:
ಮೇಲಿನವರ ಒರೆಗಲ್ಲು ಎಲ್ಲ ಕಡೆ ನಡೆಯುವುದಿಲ್ಲ. ಬುಡಮೇಲು ಮಾಡುವ ತಂತ್ರಜ್ಞಾನ ಯಾವಾಗಲೂ ಅಗ್ಗದ ಸರಕಾಗಿಯೇ ಬಾಗಿಲು ತಟ್ಟುತ್ತದೆ ಅಂದುಕೊಳ್ಳಬೇಡಿ. 1969ರ ಡಿಸೆಂಬರ್ 25ರಂದು ಬಂದ ಜಪಾನಿನ ಸೈಕೋ ಆಸ್ಟ್ರಾನ್ ಕ್ವಾರ್ಟ್ಜ್ (ಸ್ಪ್ರಿಂಗ್ ಬದಲು ಬ್ಯಾಟರಿಯಿಂದ ಕಂಪಿಸುವ ಹರಳಿನಿಂದ ನಡೆಯುವ) ವಾಚಿನ ಬೆಲೆ 4,50,000 ಯೆನ್, ಆಗಿನ ಒಂದು ಸಣ್ಣ ಕಾರಿನಷ್ಟು. ತಿಂಗಳಿಗೆ 5 ಸೆಕೆಂಡಿನೊಳಗಿನ ವ್ಯತ್ಯಾಸ. ಅಂದರೆ ಮೊದಲ ದಿನದಿಂದಲೇ ಮೇಲ್ದರ್ಜೆಯ ಸರಕು. ಅಗ್ಗವಾದದ್ದು ಆಮೇಲೆ.

ಸ್ವಿಸ್ಸರಿಗೂ ವಿದ್ಯೆಯ ಕೊರತೆ ಇರಲಿಲ್ಲ. ಕಂಪನಿಗಳು ಒಟ್ಟುಸೇರಿ ನ್ಯೂಶಾಟೆಲ್‌ನಲ್ಲಿ 1962ರಲ್ಲೇ ಪ್ರಯೋಗಾಲಯ ತೆರೆದಿದ್ದವು, ಅದರ ಬೀಟಾ 21 ಯಂತ್ರವಿದ್ದ ವಾಚುಗಳು 1970ರಲ್ಲಿ ಮಾರುಕಟ್ಟೆಗೆ ಬಂದವು. ತೊಡಕಾದದ್ದು ಉದ್ಯಮದ ಹೆಣಿಗೆ. ಸ್ಪ್ರಿಂಗ್ ಒಬ್ಬರದು, ಚಕ್ರದ ಅಚ್ಚು ಸವೆಯದಂತೆ ಕೂರಿಸುವ ಕಲ್ಲು ಇನ್ನೊಬ್ಬರದು, ಜೋಡಣೆ ಮತ್ತೊಬ್ಬರದು, ಮತ್ತು 1930ರ ದಶಕದ ಕಾನೂನು ಈ ವ್ಯವಸ್ಥೆ ಅಲುಗದಂತೆ ದಶಕಗಟ್ಟಲೆ ಕಾಪಾಡಿತ್ತು. ಕ್ವಾರ್ಟ್ಜ್‌ಗೆ ಆ ಭಾಗಗಳಲ್ಲಿ ಎಷ್ಟೋ ಬೇಕೇ ಇರಲಿಲ್ಲ. 1970ರಲ್ಲಿ ಸುಮಾರು 90,000 ಇದ್ದ ಉದ್ಯೋಗ 1980ರ ದಶಕದ ನಡುವೆ ಮೂರನೇ ಒಂದಕ್ಕೆ ಇಳಿಯಿತು. ದಾರಿ ತೆರೆದದ್ದು 1983ರಲ್ಲಿ: ವಾಚ್ ಕಂಪನಿಗಳ ಎರಡು ದೊಡ್ಡ ಗುಂಪುಗಳನ್ನು ಬ್ಯಾಂಕುಗಳು ಕೂಡಿಸಿದವು, ಅದೇ ವರ್ಷ 51 ಬಿಡಿಭಾಗಗಳ ಸ್ವಾಚ್ ಬಂತು. ಮಾಮೂಲಿ ಕ್ವಾರ್ಟ್ಜ್ ವಾಚಿಗೆ 90ಕ್ಕೂ ಹೆಚ್ಚು ಬೇಕಿತ್ತು. ಯಂತ್ರವನ್ನು ನೇರವಾಗಿ ಪ್ಲಾಸ್ಟಿಕ್ ಕವಚದ ತಳದಲ್ಲೇ ಕೂರಿಸಿ, ಗಾಜನ್ನು ಅಲ್ಟ್ರಾಸೌಂಡ್‌ನಿಂದ ಬೆಸೆದರು. ರಿಪೇರಿ ಸಾಧ್ಯವಿಲ್ಲ, ಆದರೆ ಜೋಡಣೆಯನ್ನು ಯಂತ್ರಕ್ಕೇ ಬಿಡಬಹುದು.

ಸಿಲಿಕಾನ್ ಚೂರು:
ಎರಡನೇ ಪ್ರಶ್ನೆಗೆ ಬರುತ್ತೇನೆ. ಅನುದಾನದಿಂದ ಕೆಲಸ ಆಗುತ್ತದೆ, ಅದು ಯಾವುದಕ್ಕೆ ಹೋಗುತ್ತದೆ ಅನ್ನುವುದರ ಮೇಲೆ. ತೈವಾನಿನ ಸರ್ಕಾರಿ ಸಂಶೋಧನಾ ಸಂಸ್ಥೆ ಐಟಿಆರ್‌ಐ 1973ರಲ್ಲಿ ಶುರುವಾಯಿತು. 1976ರಲ್ಲಿ ಅದು ಅಮೆರಿಕದ ಆರ್‌ಸಿಎ ಕಂಪನಿಯಿಂದ ಕೊಂಡದ್ದು 7 ಮೈಕ್ರಾನಿನ ಸಿಮಾಸ್ ಪ್ರಕ್ರಿಯೆ, ಅಂದರೆ ಚಿಪ್ ತಯಾರಿಸುವ ಒಂದು ವಿಧಾನ. ಆ ಕಾಲಕ್ಕೇ ಹಳತು. ಬುದ್ಧಿವಂತಿಕೆ ಇದ್ದದ್ದು ಆಮೇಲಿನ ನಡೆಯಲ್ಲಿ. ಎಂಜಿನಿಯರುಗಳನ್ನು ಅಮೆರಿಕಕ್ಕೆ ತರಬೇತಿಗೆ ಕಳಿಸಿ, ವಾಪಸ್ ಬಂದವರಿಂದ ಪೈಲಟ್ ಘಟಕ ನಡೆಸಿ, ಆ ಜನರನ್ನೇ ಹೊರಗೆ ಕಳಿಸಿ ಕಂಪನಿ ಕಟ್ಟಿಸಿದರು. 1980ರಲ್ಲಿ ಯುಎಂಸಿ, 1987ರಲ್ಲಿ ಟಿಎಸ್‌ಎಂಸಿ. ಸ್ವಂತ ಚಿಪ್ ಮಾರದೆ ಬೇರೆಯವರಿಗೆ ಮಾತ್ರ ಮಾಡಿಕೊಡುವ ಟಿಎಸ್‌ಎಂಸಿ ಕ್ರಮವೇ ಮುಂದೆ ಉದ್ಯಮವನ್ನು ಬುಡಮೇಲು ಮಾಡಿತು.

ಕಂಪನಿಗಳ ಒಕ್ಕೂಟ ಮಾಡುವವರು ಸೆಮಾಟೆಕ್ ನೋಡಬೇಕು. 1987ರಲ್ಲಿ ಆ ಹೆಸರಿನ ಒಕ್ಕೂಟದಲ್ಲಿ 14 ಅಮೆರಿಕನ್ ಚಿಪ್ ಕಂಪನಿಗಳು ಸೇರಿದವು, ಸರ್ಕಾರದಿಂದ ವರ್ಷಕ್ಕೆ 10 ಕೋಟಿ ಡಾಲರ್. ಚಿಪ್ ತಯಾರಿಕೆಯ ವಿಧಾನವನ್ನೇ ಕೂಡಿ ರೂಪಿಸೋಣ ಅಂದರೆ ಯಾರೂ ತಮ್ಮ ಗುಟ್ಟು ಬಿಡಲಿಲ್ಲ, ಪ್ರತಿಸ್ಪರ್ಧಿಗಳಲ್ಲವೇ. ಎಲ್ಲರೂ ಕೊಳ್ಳುವ ಯಂತ್ರಗಳನ್ನು ಸುಧಾರಿಸುವ ಕಡೆ ಹೊರಳಿದ ಮೇಲೆ ಕೆಲಸ ಸಾಗಿತು.

ತಿಳಿಯಬೇಕಾದವ:
ಕಂಪನಿ ಕುಸಿಯುತ್ತಿರುವಾಗಲೇ ದುಡ್ಡು ಹಾಕಬೇಕಾಗಿ ಬಂದರೆ?

ಸಿಲಿಕಾನ್ ಚೂರು:
ಕಂಪನಿಗೆ ಹಾಕಬೇಡಿ, ಅಲ್ಲಿಂದ ಹೊರಬರುವವರಿಗೆ ಹಾಕಿ. 2011ರಲ್ಲಿ ತನ್ನ ಫೋನುಗಳ ಸಾಫ್ಟ್‌ವೇರ್ ಆಗಿದ್ದ ಸಿಂಬಿಯನ್ ಕೈಬಿಟ್ಟ ನೋಕಿಯಾ ತಾನೇ ‘ಬ್ರಿಡ್ಜ್’ ಯೋಜನೆಯಲ್ಲಿ ಸ್ವಂತ ಉದ್ಯಮ ಶುರುಮಾಡುವ ನೌಕರನಿಗೆ 25,000 ಯೂರೋವರೆಗೆ ಕೊಟ್ಟಿತು, ಕೆಲವರು ಸೇರಿ ಬಂದರೆ ಮೊತ್ತವನ್ನೂ ಕೂಡಿಸಿಕೊಳ್ಳಬಹುದಿತ್ತು. ಸುಮಾರು 1,000 ಹೊಸ ಕಂಪನಿಗಳು ಹುಟ್ಟಿದವು. ಒಂದು ಎಚ್ಚರ: ಕೆಲಸ ಬಿಡುವ ಒಪ್ಪಂದದಲ್ಲಿ ‘ಇದೇ ಕ್ಷೇತ್ರದಲ್ಲಿ ಎರಡು ವರ್ಷ ದುಡಿಯುವಂತಿಲ್ಲ’ ಅನ್ನುವ ಷರತ್ತು ಇದ್ದರೆ ಮೊದಲು ಅದನ್ನು ತೆಗೆಸಿ. ಇಲ್ಲದಿದ್ದರೆ ಹಣ ಇದ್ದರೂ ಅವರಿಗೆ ಗೊತ್ತಿರುವ ಕೆಲಸ ಬಿಟ್ಟು ಬೇರೆ ಎಲ್ಲವನ್ನೂ ಮಾಡಬೇಕಾಗುತ್ತದೆ.