ಹೈರೈಡರ್: ಮೈಲ್ಡ್ ಹೈಬ್ರಿಡ್ ಕೊಳ್ಳಲೇ, ಸ್ಟ್ರಾಂಗ್ ಹೈಬ್ರಿಡ್ ಕೊಳ್ಳಲೇ? ವೇರಿಯೆಂಟ್ ಯಾವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದ ಹಳೆಯ ಕಾರನ್ನು ಕೊಟ್ಟು ಟೊಯೊಟಾ ಅರ್ಬನ್ ಕ್ರೂಸರ್ ಹೈರೈಡರ್ ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ; ಎಂಜಿನ್ ಯಾವುದು, ವೇರಿಯೆಂಟ್ ಯಾವುದು ಎಂಬಲ್ಲಿ ಮಾತ್ರ ಎರಡು ವಾರಗಳಿಂದ ಮಾತು ಮುಂದೆ ಹೋಗಿಲ್ಲ. ಬನಶಂಕರಿಯಿಂದ ಮಾರತ್ತಹಳ್ಳಿಯ ಕಚೇರಿಗೆ ದಿನವೂ ಸಿಲ್ಕ್ ಬೋರ್ಡ್ ದಾಟಿ ಹೋಗಿಬರುತ್ತೇನೆ. ವರ್ಷಕ್ಕೆ ಮೂರು ನಾಲ್ಕು ಬಾರಿ ನಾವಿಬ್ಬರು, ಇಬ್ಬರು ಮಕ್ಕಳು ಮತ್ತು ಮಂಡಿನೋವಿರುವ ನನ್ನ ತಾಯಿ, ಒಟ್ಟು ಐದು ಜನ, ಕೊಪ್ಪದ ಕಡೆಗೆ ಹೋಗಿ, ಆಗುಂಬೆ ಘಾಟಿ ಇಳಿದು ಉಡುಪಿಗೂ ಹೋಗುತ್ತೇವೆ. ಎಲ್ಲ ಸೇರಿ ವರ್ಷಕ್ಕೆ 12,000 ಕಿ.ಮೀ. ಆಗಬಹುದು. ಜಿ ವೇರಿಯೆಂಟಿನ ಮೈಲ್ಡ್ ಹೈಬ್ರಿಡ್ ಆಟೊಮ್ಯಾಟಿಕ್‌ಗೂ ಅದೇ ವೇರಿಯೆಂಟಿನ ಸ್ಟ್ರಾಂಗ್ ಹೈಬ್ರಿಡ್‌ಗೂ ನನಗೆ ಸಿಕ್ಕಿರುವ ಕೊಟೇಶನ್‌ಗಳಲ್ಲಿ ಆನ್‌ರೋಡ್ ಅಂತರ ಸುಮಾರು 3 ಲಕ್ಷ ರೂಪಾಯಿ. ಅಷ್ಟು ಹೆಚ್ಚು ಕೊಡುವುದು ಸರಿಯೇ? ಪತ್ನಿಗೆ ವಿ ವೇರಿಯೆಂಟಿನ ವೆಂಟಿಲೇಟೆಡ್ (ಒಳಗಿನಿಂದ ಗಾಳಿಯಾಡುವ) ಸೀಟುಗಳ ಮೇಲೆ ಮನಸ್ಸಿದೆ.

ಮೊದಲ ಉತ್ತರ

ಹೆಸರಿನಲ್ಲಿ ಎರಡೂ ಹೈಬ್ರಿಡ್ ಆದರೂ ಇವು ಬೇರೆಬೇರೆ ಜಾತಿಯ ಕಾರುಗಳು. ಮೈಲ್ಡ್ ಹೈಬ್ರಿಡ್‌ನಲ್ಲಿರುವುದು 1,462 ಸಿಸಿಯ ನಾಲ್ಕು ಸಿಲಿಂಡರಿನ ಸುಜುಕಿ ಎಂಜಿನ್; ಅದರ ಸಣ್ಣ ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತದೆಯೇ ಹೊರತು ತಾನೊಂದೇ ಕಾರನ್ನು ಎಳೆಯುವುದಿಲ್ಲ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ 1,490 ಸಿಸಿಯ ಮೂರು ಸಿಲಿಂಡರಿನ ಟೊಯೊಟಾ ಎಂಜಿನ್ ಜೊತೆಗೆ 141 ಎನ್‌ಎಂ ಟಾರ್ಕಿನ, ಅಂದರೆ ತಾನೊಂದೇ ಕಾರನ್ನು ಎಳೆಯಬಲ್ಲಷ್ಟು ಬಲದ ಮೋಟಾರು ಇದ್ದು, ಸಿಲ್ಕ್ ಬೋರ್ಡಿನಂಥ ಜಾಮಿನಲ್ಲಿ ಆಮೆಯಂತೆ ಸರಿಯುವಾಗ ಎಂಜಿನ್ ಬಹುಪಾಲು ಸಮಯ ಆರಿಯೇ ಇರುತ್ತದೆ. ಪರೀಕ್ಷೆಯಲ್ಲಿ ದೃಢಪಟ್ಟ ಮೈಲೇಜ್ ಲೀಟರಿಗೆ ಸ್ಟ್ರಾಂಗ್‌ಗೆ 27.97 ಕಿ.ಮೀ., ಮೈಲ್ಡ್ ಆಟೊಮ್ಯಾಟಿಕ್‌ಗೆ 20.58 ಕಿ.ಮೀ.

ರಸ್ತೆಯಲ್ಲಿ ಅಷ್ಟು ಬರುವುದಿಲ್ಲ. ನಗರದಲ್ಲಿ ಸ್ಟ್ರಾಂಗ್‌ಗೆ 21, ಮೈಲ್ಡ್‌ಗೆ 13 ಎಂದೂ ಪೆಟ್ರೋಲಿಗೆ 103 ರೂಪಾಯಿ ಎಂದೂ ಹಿಡಿದು ಲೆಕ್ಕ ಹಾಕಿದರೆ, ನಿಮ್ಮ 12,000 ಕಿ.ಮೀ. ಓಟಕ್ಕೆ ವರ್ಷಕ್ಕೆ ಸುಮಾರು 36,000 ರೂಪಾಯಿ ಉಳಿಯುತ್ತದೆ. ಹೆದ್ದಾರಿಯಲ್ಲಿ ಈ ಅಂತರ ಇನ್ನೂ ಕಡಿಮೆ. ಅಂದರೆ 3 ಲಕ್ಷ ಮರಳಿ ಬರಲು ಎಂಟು ವರ್ಷಕ್ಕೂ ಹೆಚ್ಚು ಬೇಕು. ವರ್ಷಕ್ಕೆ 20,000 ಕಿ.ಮೀ. ಓಡಿಸುವವರಿಗೆ ಐದು ವರ್ಷ ಸಾಕು. ಬರಿಯ ಹಣದ ಲೆಕ್ಕವಾದರೆ ನನ್ನ ಮತ ಮೈಲ್ಡ್‌ಗೆ. ದಿನಕ್ಕೆ ಎರಡು ಗಂಟೆ ಜಾಮಿನಲ್ಲಿ ಕಳೆಯುವವರಿಗೆ ಆ ನಿಶ್ಶಬ್ದ ಎಷ್ಟು ಬೆಲೆ ಬಾಳುತ್ತದೆ ಎಂಬುದನ್ನು ಬೇರೆಯವರು ಹೇಳಲಾಗದು.

ತೆರಿಗೆಯನ್ನೂ ಗಮನಿಸಿ. ಉತ್ತರ ಪ್ರದೇಶ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗಳ ನೋಂದಣಿ ತೆರಿಗೆಯನ್ನೇ ಮನ್ನಾ ಮಾಡಿತು. ನಮ್ಮಲ್ಲಿ 10ರಿಂದ 20 ಲಕ್ಷದ ಕಾರಿಗೆ ಶೇ 17ರ ಜೀವಿತಾವಧಿ ತೆರಿಗೆ, ಅದರ ಮೇಲೆ ಸೆಸ್. ಆದ್ದರಿಂದ ನಿಮ್ಮ 3 ಲಕ್ಷದ ಅಂತರದಲ್ಲಿ ತೆರಿಗೆಯ ಪಾಲೂ ಇದೆ. ಬಿಡದಿಯಲ್ಲೇ ತಯಾರಾಗುವ ಕಾರಿಗೆ ಈ ಗತಿ!

ಎರಡನೆಯ ಉತ್ತರ

ನಾನು ಎರಡು ವರ್ಷದಿಂದ ಸ್ಟ್ರಾಂಗ್ ಹೈಬ್ರಿಡ್ ಓಡಿಸುತ್ತಿದ್ದೇನೆ. ಮೇಲಿನವರು ಹೇಳದ ಮಾತೊಂದಿದೆ: ಸಾಮಾನು ಇಡುವ ಡಿಕ್ಕಿ. ಬ್ಯಾಟರಿ ಹಿಂಭಾಗದಲ್ಲಿರುವುದರಿಂದ ಜಾಗ ಗಣನೀಯವಾಗಿ ಕುಗ್ಗುತ್ತದೆ. ಇದರ ಜೋಡಿ ಕಾರಾದ ಮಾರುತಿ ಸುಜುಕಿ ಗ್ರಾಂಡ್ ವಿಟಾರಾದಲ್ಲಿ ಮೈಲ್ಡ್‌ಗೆ 373 ಲೀಟರ್, ಸ್ಟ್ರಾಂಗ್‌ಗೆ 265 ಲೀಟರ್. ಐದು ಜನರ ಬಟ್ಟೆಬರೆಯ ಜೊತೆಗೆ ಊರಿನಿಂದ ತೆಂಗಿನಕಾಯಿ, ಅಕ್ಕಿಮೂಟೆ ಹೇರಿಕೊಂಡು ಬರುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಮೈಲೇಜಿಗಿಂತ ಮೊದಲು ಇದನ್ನೇ ಯೋಚಿಸಬೇಕು.

ಘಾಟಿಯಲ್ಲಿ ತಿರುವಿನಿಂದ ಹೊರಬರುವಾಗ ಮೋಟಾರು ಥಟ್ಟನೆ ಎಳೆಯುತ್ತದೆ, ಅದು ಹಿತವಾಗಿರುತ್ತದೆ. ಆದರೆ ತುಂಬಿದ ಕಾರಿನಲ್ಲಿ ಏರು ಉದ್ದವಾದರೆ ಎಂಜಿನ್ ಜೋರಾಗಿ ಸದ್ದು ಮಾಡುತ್ತದೆ. ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ಗೇರ್ ಲಿವರನ್ನು ‘ಬಿ’ಗೆ (ಇಳಿಜಾರಿನಲ್ಲಿ ವೇಗ ತಡೆಯುವ ಸ್ಥಾನಕ್ಕೆ) ಹಾಕಿ. ಇಳಿಯುವಾಗ ಚಾರ್ಜ್ ಆಗುವ ಬ್ಯಾಟರಿ 0.76 ಕಿಲೋವ್ಯಾಟ್ ಗಂಟೆಯಷ್ಟು ಚಿಕ್ಕದಾದ್ದರಿಂದ ಬೇಗ ತುಂಬಿಬಿಡುತ್ತದೆ, ಅಲ್ಲಿಂದ ಮುಂದೆ ಎಂಜಿನ್ನಿನ ತಡೆಯೇ ಕಾರನ್ನು ಹಿಡಿದಿಡುತ್ತದೆ. ಆಗ ಸದ್ದು ಏರಿದರೆ ಗಾಬರಿಯಾಗಬೇಡಿ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ.

ವೇರಿಯೆಂಟ್ ಕುರಿತು: ಸ್ಟ್ರಾಂಗ್ ಎಂಜಿನ್ ಎಸ್, ಜಿ, ವಿ (ಕೆಳಗಿನಿಂದ ಮೇಲಕ್ಕೆ ಇದೇ ಕ್ರಮ) ಮೂರರಲ್ಲೂ ಒಂದೇ. ಆ ಎಂಜಿನ್ ಬೇಕೆನಿಸಿದರೆ ಕೆಳಗಿನ ವೇರಿಯೆಂಟಿಗೆ ಇಳಿಯಿರಿ. ಜಿ ಮೈಲ್ಡ್ ಆಟೊಮ್ಯಾಟಿಕ್ ಮತ್ತು ಎಸ್ ಸ್ಟ್ರಾಂಗ್ ಇವೆರಡನ್ನು ಎದುರುಬದುರು ಇಟ್ಟರೆ ನಿಮ್ಮ 3 ಲಕ್ಷದ ಅಂತರ ಬಹಳಷ್ಟು ಕುಗ್ಗುತ್ತದೆ. ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ಕೊಡಲು ಬಂದರೆ ತಯಾರಾದ ತಿಂಗಳನ್ನು ನೋಡಿ. ಆರು ಏರ್‌ಬ್ಯಾಗ್ ಎಲ್ಲ ವೇರಿಯೆಂಟುಗಳಿಗೂ ಬಂದದ್ದು 2025ರಲ್ಲಿ.

ಮೂರನೆಯ ಉತ್ತರ

ಕೊಪ್ಪದ ಮನೆಗೆ ಮಳೆಗಾಲದಲ್ಲಿ ಕೆಸರಿನ ದಾರಿ ಇದೆಯೇ? ನಾಲ್ಕೂ ಚಕ್ರಕ್ಕೆ ಬಲ ಕೊಡುವ ವ್ಯವಸ್ಥೆ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಇಲ್ಲ, ಮೈಲ್ಡ್‌ನಲ್ಲಿ ಮಾತ್ರ ಸಿಗುತ್ತದೆ. ತಾಯಿಯವರನ್ನು ಟೆಸ್ಟ್ ಡ್ರೈವ್‌ಗೆ ತಪ್ಪದೆ ಕರೆದೊಯ್ದು, ಹಿಂದಿನ ಸೀಟಿಗೆ ಎರಡು ಮೂರು ಸಲ ಹತ್ತಿ ಇಳಿಯುವಂತೆ ಹೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮನೆಯ ಬಾಗಿಲವರೆಗೂ ಕಾಂಕ್ರೀಟ್ ರಸ್ತೆ ಇದೆ, ಆದ್ದರಿಂದ ಆ ಚಿಂತೆ ಇಲ್ಲ. ವಿ ವೇರಿಯೆಂಟನ್ನು ಕೈಬಿಟ್ಟಿದ್ದೇವೆ; ಪತ್ನಿಯೂ ಒಪ್ಪಿದ್ದಾರೆ. ಭಾನುವಾರ ತಾಯಿಯವರನ್ನೂ ಊರಿಗೆ ಒಯ್ಯುವ ಎರಡು ಸೂಟ್‌ಕೇಸುಗಳನ್ನೂ ಶೋರೂಮಿಗೆ ಕರೆದೊಯ್ಯುತ್ತೇನೆ. ಸೂಟ್‌ಕೇಸುಗಳು ಡಿಕ್ಕಿಯಲ್ಲಿ ಹಿಡಿಸಿದರೆ ಎಸ್ ಸ್ಟ್ರಾಂಗ್, ಹಿಡಿಸದಿದ್ದರೆ ಜಿ ಮೈಲ್ಡ್ ಆಟೊಮ್ಯಾಟಿಕ್.