ಊರಿನ ಮಕ್ಕಳ ಬೇಸ್‌ಬಾಲ್ ಲೀಗ್ ನಡೆಸೋದು: ತಂಡ ಎಷ್ಟು, ಪಂದ್ಯ ಎಷ್ಟು, ಪಿಚ್ ಲೆಕ್ಕ ಯಾರ ಕೈಲಿ?

ಹೊಸ_ಸಂಯೋಜಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮುಂದಿನ ವಸಂತದ ಸೀಸನ್ನಿನ ಹೊಣೆ ನನ್ನ ತಲೆಗೆ ಬಂದಿದೆ. ಲಿಟಲ್ ಲೀಗ್ ಚಾರ್ಟರ್ (ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆಯ ಮಾನ್ಯತೆ) ಇದೆ, ಕೆಲಸ ಮಾಡುವವರೆಲ್ಲ ಸ್ವಯಂಸೇವಕರು. 5ರಿಂದ 12 ವರ್ಷದ ಸುಮಾರು 160 ಮಕ್ಕಳು ಬರುವ ಅಂದಾಜಿದೆ: ಟೀ-ಬಾಲ್‌ಗೆ (ಕಂಬದ ಮೇಲಿಟ್ಟ ಚೆಂಡು ಹೊಡೆಯೋದು) 40, ಕೋಚ್-ಪಿಚ್‌ಗೆ (ಕೋಚ್ ಚೆಂಡು ಎಸೆಯೋದು) 36, ಮಕ್ಕಳೇ ಎಸೆಯೋ ಮೈನರ್ಸ್‌ಗೆ 48, ಅದಕ್ಕಿಂತ ದೊಡ್ಡವರ ಮೇಜರ್ಸ್‌ಗೆ 36. ಮೈದಾನ ಎರಡು, ಒಂದು ಚಿಕ್ಕದು, ಇನ್ನೊಂದು ಬೇಸ್‌ಗಳ ನಡುವೆ 60 ಅಡಿ ಇರೋದು. ಎರಡರಲ್ಲೂ ದೀಪವಿಲ್ಲ. ಏಪ್ರಿಲ್ ಮೊದಲ ಶನಿವಾರ ಶುರು ಮಾಡಿದರೆ ಒಂಬತ್ತು ವಾರ ಸಿಗುತ್ತೆ.

ತಂಡಗಳನ್ನು ಎಷ್ಟು ಮಾಡಬೇಕು, ಕೋಚ್‌ಗಳು ಕಿತ್ತಾಡದ ಹಾಗೆ ಮಕ್ಕಳನ್ನು ಹಂಚೋದು ಹೇಗೆ, ಪಿಚ್ ಎಣಿಕೆ (ಪಿಚರ್ ಬ್ಯಾಟರ್‌ಗೆ ಎಸೆದ ಚೆಂಡುಗಳ ಲೆಕ್ಕ) ಯಾರು ನೋಡಬೇಕು? ನನಗೆ ತೋಚದೆ ಇರೋದು ಏನಾದರೂ ಇದ್ದರೆ ಅದನ್ನೂ ಹೇಳಿ.

ವೇಳಾಪಟ್ಟಿ_ಮಾಸ್ತರ:

ಮೇಡಂ, ಎಷ್ಟು ಮಕ್ಕಳು ಅನ್ನೋದನ್ನ ಸ್ವಲ್ಪ ಪಕ್ಕಕ್ಕಿಡಿ. ಮೊದಲು ಮೈದಾನದಲ್ಲಿ ಎಷ್ಟು ಸ್ಲಾಟ್ ಸಿಗುತ್ತೆ ಅಂತ ಎಣಿಸಿ. ಸೀಸನ್ ಕೆಡೋದು ಅಲ್ಲೇ.

ನಿಮ್ಮ ಅಂಕಿಗಳಿಗೆ ಟೀ-ಬಾಲ್‌ನಲ್ಲಿ 10 ಮಕ್ಕಳ 4 ತಂಡ, ಕೋಚ್-ಪಿಚ್‌ನಲ್ಲಿ 9ರ 4, ಮೈನರ್ಸ್‌ನಲ್ಲಿ 12ರ 4, ಮೇಜರ್ಸ್‌ನಲ್ಲಿ 12ರ 3 ತಂಡ ಆಗುತ್ತೆ. ಮೇಜರ್ಸ್‌ನಲ್ಲಿ ಮೂರು ಅಂದರೆ ಬೆಸ ಸಂಖ್ಯೆ, ಯಾವಾಗಲೂ ಒಂದು ತಂಡ ಸುಮ್ಮನೆ ಕೂತಿರುತ್ತೆ, ಅದಕ್ಕೇ 9ರ ನಾಲ್ಕು ಮಾಡೋಣ ಅಂತ ಯಾರಾದರೂ ಹೇಳೇ ಹೇಳ್ತಾರೆ. ಒಪ್ಪಬೇಡಿ. ಒಂಬತ್ತು ಜನ ಇಲ್ಲದೆ ಪಂದ್ಯ ನಡೆಯಲ್ಲ. ಒಬ್ಬನಿಗೆ ಜ್ವರ ಬಂದರೆ ಇಡೀ ಪಂದ್ಯ ಹೋಯ್ತು. ಹನ್ನೆರಡೇ ಸರಿ. ಅಷ್ಟಾದರೂ ಒಮ್ಮೊಮ್ಮೆ ಜನ ಸಾಲದೆ ಬರುತ್ತೆ, ಅದಕ್ಕೆ ಪೂಲ್ ಪಟ್ಟಿ ಇಟ್ಟುಕೊಳ್ಳಿ: ಹೆಚ್ಚುವರಿ ಪಂದ್ಯ ಆಡೋಕೆ ಸಿದ್ಧ ಇರುವ ಮಕ್ಕಳ ಹೆಸರು, ಸರದಿ ಪ್ರಕಾರ. ಕರೆಯೋದು ಪ್ಲೇಯರ್ ಏಜೆಂಟ್ (ಆಟಗಾರರ ಹಂಚಿಕೆ ನೋಡೋ ಬೋರ್ಡ್ ಸದಸ್ಯ), ಕೋಚ್ ಆರಿಸೋ ಹಾಗಿಲ್ಲ. ಹಾಗೆ ಬಂದ ಹುಡುಗ ಆ ಪಂದ್ಯದಲ್ಲಿ ಪಿಚ್ ಮಾಡುವಂತಿಲ್ಲ.

ಈಗ ಸ್ಲಾಟ್. ಚಿಕ್ಕ ಮೈದಾನದಲ್ಲಿ ಶನಿವಾರ 4 ಪಂದ್ಯ (9:00, 10:15, 11:30, 1:00). ಒಂಬತ್ತು ಶನಿವಾರಕ್ಕೆ 36 ಸ್ಲಾಟ್. ಟೀ-ಬಾಲ್ ತಂಡಕ್ಕೆ 8 ಪಂದ್ಯ ಅಂದರೆ ಒಟ್ಟು 16, ಕೋಚ್-ಪಿಚ್‌ಗೆ 9 ಅಂದರೆ 18. ಕೂಡಿದರೆ 34. ಉಳಿದದ್ದು ಎರಡೇ. ಒಂದು ಶನಿವಾರ ಮಳೆ ಹಿಡಿದರೆ ನಾಲ್ಕು ಪಂದ್ಯ ಹೋಗುತ್ತೆ. ಹಾಗಾಗಿ ಚಿಕ್ಕ ಮೈದಾನದ ಬುಧವಾರ ಸಂಜೆಯನ್ನು ಯಾರಿಗೂ ಕೊಡದೆ ಖಾಲಿ ಇಡಿ.

ದೊಡ್ಡ ಮೈದಾನದಲ್ಲಿ ಶನಿವಾರ 3 (9:00, 11:30, 2:00), ದೀಪ ಇಲ್ಲದ್ದರಿಂದ ವಾರದ ದಿನ ಸಂಜೆಗೆ ಒಂದೇ ಪಂದ್ಯ, ವಾರಕ್ಕೆ ಎರಡು ಸಂಜೆ. ಒಂಬತ್ತು ವಾರಕ್ಕೆ 45. ಮೈನರ್ಸ್, ಮೇಜರ್ಸ್ ಎರಡಕ್ಕೂ ತಂಡಕ್ಕೆ 12 ಪಂದ್ಯ ಅಂದರೆ 24 ಮತ್ತು 18, ಒಟ್ಟು 42. ಕಾಗದದ ಮೇಲೆ ಕೂರುತ್ತೆ, ಆದರೆ ಒಂದೇ ಶನಿವಾರದ ಮಳೆ ಉಳಿದ ಮೂರನ್ನೂ ನುಂಗುತ್ತೆ. ಮೈನರ್ಸ್ ಅನ್ನು ತಂಡಕ್ಕೆ 10 ಪಂದ್ಯಕ್ಕೆ ಇಳಿಸಿ. ಒಟ್ಟು 38 ಆಗಿ 7 ಸ್ಲಾಟ್ ಕೈಯಲ್ಲಿರುತ್ತೆ. ಹನ್ನೆರಡು ಅಂತ ಹೇಳಿ ಒಂಬತ್ತು ಆಡಿಸೋದಕ್ಕಿಂತ ಹತ್ತು ಅಂತ ಹೇಳಿ ಹತ್ತೂ ಆಡಿಸೋದು ಮೇಲು. ಪೋಷಕರ ತಕರಾರು ಅರ್ಧ ಕಡಿಮೆಯಾಗುತ್ತೆ.

ಅಭ್ಯಾಸಕ್ಕೆ ಉಳಿದ ಮೂರು ಸಂಜೆ, ಮೈದಾನವನ್ನು ಎರಡು ಭಾಗ ಮಾಡಿದರೆ ಆರು ತಂಡಕ್ಕೆ ಜಾಗ. ನಿಮ್ಮಲ್ಲಿ ಏಳು ತಂಡ. ಏಳನೆಯದಕ್ಕೆ ಭಾನುವಾರ ಕೊಡಿ, ಪ್ರತಿ ವಾರ ಸರದಿ ಬದಲಾಗಲಿ, ಒಂದೇ ತಂಡದ ಮೇಲೆ ಹೊರಿಸಬೇಡಿ. ಟೀ-ಬಾಲ್‌ಗೆ ಬೇರೆ ಅಭ್ಯಾಸದ ದಿನ ಬೇಡ, ಪಂದ್ಯದ ಮುಂಚಿನ 20 ನಿಮಿಷ ಸಾಕು.

1 ಗಂಟೆ 45 ನಿಮಿಷ ಆದಮೇಲೆ ಹೊಸ ಇನ್ನಿಂಗ್ಸ್ ಶುರು ಮಾಡಬಾರದು ಅಂತ ಸ್ಥಳೀಯ ನಿಯಮ ಬರೆದು ಬೋರ್ಡ್‌ನಲ್ಲಿ ಪಾಸ್ ಮಾಡಿಸಿಕೊಳ್ಳಿ. ಮೈನರ್ಸ್‌ನಲ್ಲಿ ಅರ್ಧ ಇನ್ನಿಂಗ್ಸ್‌ಗೆ (ಒಂದು ತಂಡದ ಬ್ಯಾಟಿಂಗ್ ಸರದಿಗೆ) ಐದು ರನ್ ಮಿತಿ ಹೇಗೂ ಇದೆ, ಆದರೂ ವಾಕ್ ಮೇಲೆ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್ ಪುಕ್ಕಟೆ ಮೊದಲ ಬೇಸ್‌ಗೆ ಹೋಗೋದು) ಆಗಿ ಗಂಟೆಗಟ್ಟಲೆ ಎಳೆಯುತ್ತೆ.

ಕಟ್ಟಾ_ಪ್ಲೇಯರ್_ಏಜೆಂಟ್:

ಹಂಚಿಕೆ ಬಗ್ಗೆ. ಟೀ-ಬಾಲ್, ಕೋಚ್-ಪಿಚ್ ಎರಡರಲ್ಲೂ ಸ್ನೇಹಿತರು ಜೊತೆಗಿರಲಿ ಅನ್ನೋ ಕೋರಿಕೆ ಒಪ್ಪಿ. ಅಲ್ಲಿ ಕೌಶಲ ಅಳೆಯೋದರಲ್ಲಿ ಅರ್ಥವಿಲ್ಲ. ಮೈನರ್ಸ್‌ನಿಂದ ಮೇಲೆ ಡ್ರಾಫ್ಟ್ (ಕೋಚ್‌ಗಳು ಸರದಿಯಲ್ಲಿ ಆಟಗಾರರನ್ನು ಆರಿಸೋದು) ಮಾಡಿ, ಕೋರಿಕೆ ಬೇಡ.

ಪರೀಕ್ಷೆಯ ದಿನ ಪ್ರತಿ ಮಗುವಿನ ಬೆನ್ನಿಗೆ ನಂಬರ್ ಅಂಟಿಸಿ. 60 ಅಡಿ ಓಟ, ಐದು ನೆಲದ ಚೆಂಡು, ಮೂರು ಎತ್ತರದ ಚೆಂಡು, ಮೂರನೇ ಬೇಸ್‌ನಿಂದ ಮೊದಲನೆಯದಕ್ಕೆ ಎಸೆತ, ಎಂಟು ಬ್ಯಾಟ್ ಬೀಸು, ಬಯಸಿದವರಿಗೆ ಐದು ಪಿಚ್. ಮೂವರು ಅಂಕ ಹಾಕಲಿ, 1ರಿಂದ 5. ಆ ವಿಭಾಗದ ಕೋಚ್‌ಗಳು ನೋಡಲಿ, ಆದರೆ ಅಧಿಕೃತ ಅಂಕ ಅವರದ್ದಾಗೋದು ಬೇಡ. ತನಗೆ ಬೇಕಾದ ಹುಡುಗನಿಗೆ 2 ಕೊಟ್ಟು ಕೊನೆಯ ಸುತ್ತಿನಲ್ಲಿ ಎತ್ತಿಕೊಳ್ಳೋ ಚಾಳಿ ಎಲ್ಲಾ ಕಡೆ ಇದೆ.

ಆಯ್ಕೆ ಹಾವಿನ ಸರದಿಯಲ್ಲಿ: ಮೊದಲ ಸುತ್ತು 1-2-3-4, ಎರಡನೇ ಸುತ್ತು 4-3-2-1. ಕೋಚ್‌ನ ಮಗು ಎಷ್ಟನೇ ಸುತ್ತಿನ ಮಟ್ಟದ್ದೋ ಅದೇ ಸುತ್ತಿನಲ್ಲಿ ಅವರ ಆಯ್ಕೆಯಾಗಿ ಲೆಕ್ಕಕ್ಕೆ ಬರಬೇಕು. ಜಗಳ ಹುಟ್ಟೋದು ಸಹಾಯಕ ಕೋಚ್ ವಿಷಯದಲ್ಲಿ. ಡ್ರಾಫ್ಟ್‌ಗೆ ಮೊದಲೇ "ನನ್ನ ಸಹಾಯಕ ಇವರು" ಅಂತ ಹೇಳಿದರೆ ಇಬ್ಬರು ಒಳ್ಳೆ ಆಟಗಾರರು ಒಂದೇ ತಂಡಕ್ಕೆ ಪುಕ್ಕಟೆ ಸಿಕ್ಕ ಹಾಗೆ. ಸಹಾಯಕರನ್ನು ಡ್ರಾಫ್ಟ್ ಮುಗಿದ ಮೇಲೆ ನೇಮಿಸಿ, ಇಲ್ಲವೇ ಅವರ ಮಗುವಿಗೂ ಸುತ್ತು ಕಟ್ಟಿ. ತಡವಾಗಿ ನೋಂದಾಯಿಸಿದವರನ್ನು ಚೀಟಿ ಎತ್ತಿ ಹಂಚಿ. ಯಾರು ಎಷ್ಟನೇ ಸುತ್ತಿನಲ್ಲಿ ಹೋದರು ಅನ್ನೋದು ಆ ಕೋಣೆ ದಾಟಬಾರದು.

ಇನ್ನೊಂದು, ಮಗುವಿನ ಈಗಿನ ವಯಸ್ಸು ನೋಡಿ ವಿಭಾಗಕ್ಕೆ ಹಾಕಬೇಡಿ. ಲೀಗ್ ವಯಸ್ಸು ಅಂದರೆ ಆ ವರ್ಷ ಆಗಸ್ಟ್ 31ಕ್ಕೆ ತುಂಬಿರೋ ವಯಸ್ಸು. ಆಗಸ್ಟ್ 20ಕ್ಕೆ ಒಂಬತ್ತು ತುಂಬೋ ಮಗು ಏಪ್ರಿಲ್‌ನಲ್ಲಿ ಎಂಟೇ ಇದ್ದರೂ ಲೀಗ್ ಲೆಕ್ಕದಲ್ಲಿ ಒಂಬತ್ತು. ಪಿಚ್ ಮಿತಿಯೂ ಇದೇ ವಯಸ್ಸಿನ ಮೇಲೆ ನಿಂತಿದೆ.

ಸ್ಕೋರ್‌ಬುಕ್:

ಪಿಚ್ ಲೆಕ್ಕಕ್ಕೆ ಬರೋಣ. ದಿನದ ಗರಿಷ್ಠ 9–10 ವಯಸ್ಸಿಗೆ 75, 11–12ಕ್ಕೆ 85. ಅದು ಎಲ್ಲರಿಗೂ ಬಾಯಿಪಾಠ. ಎಡವೋದು ವಿಶ್ರಾಂತಿಯ ದಿನಗಳಲ್ಲಿ. 14 ಮತ್ತು ಕೆಳಗಿನವರಿಗೆ: 20ರವರೆಗೆ ವಿಶ್ರಾಂತಿ ಬೇಡ, 21–35ಕ್ಕೆ ಒಂದು ದಿನ, 36–50ಕ್ಕೆ ಎರಡು, 51–65ಕ್ಕೆ ಮೂರು, 66ರಿಂದ ಮೇಲೆ ನಾಲ್ಕು. ಇವು ಕ್ಯಾಲೆಂಡರ್ ದಿನಗಳು, 24 ಗಂಟೆಯ ಲೆಕ್ಕ ಅಲ್ಲ. ಶನಿವಾರ 66 ಎಸೆದವನು ಭಾನುವಾರದಿಂದ ಬುಧವಾರದವರೆಗೆ ಇಲ್ಲ, ಗುರುವಾರ ಸಿಗ್ತಾನೆ.

ಈ ಪಟ್ಟಿ ಇಟ್ಟುಕೊಂಡೇ ವಾರದ ಪಂದ್ಯದ ದಿನ ಆರಿಸಿ. ಶುಕ್ರವಾರ ಇಟ್ಟರೆ 21 ಪಿಚ್ ಎಸೆದ ಹುಡುಗನೂ ಶನಿವಾರಕ್ಕೆ ಇಲ್ಲ. ಗುರುವಾರ ಇಟ್ಟರೆ 35ರವರೆಗೆ ಮಾತ್ರ. ಬುಧವಾರ 50, ಮಂಗಳವಾರ 65. ಎದುರು ದಿಕ್ಕಿನಲ್ಲೂ ನೋಡಿ: ಶನಿವಾರದ ನಂತರ ಮಂಗಳವಾರಕ್ಕೆ 50ರವರೆಗೆ ಎಸೆದವರು, ಬುಧವಾರಕ್ಕೆ 65ರವರೆಗೆ ಎಸೆದವರು ಸಿಗ್ತಾರೆ. ಹಾಗಾಗಿ ದೊಡ್ಡ ಮೈದಾನದ ಪಂದ್ಯ ಮಂಗಳವಾರ, ಬುಧವಾರ. ಅಭ್ಯಾಸ ಸೋಮ, ಗುರು, ಶುಕ್ರ. ಮಾಸ್ತರರ ಲೆಕ್ಕಕ್ಕೂ ಇದು ಅಡ್ಡ ಬರಲ್ಲ.

ಎಣಿಸೋದು ಇಬ್ಬರು, ತಂಡಕ್ಕೊಬ್ಬರು. ಪ್ರತಿ ಅರ್ಧ ಇನ್ನಿಂಗ್ಸ್ ಮುಗಿದಾಗ ಇಬ್ಬರೂ ಅಂಕಿ ತಾಳೆ ನೋಡಬೇಕು. ಪಂದ್ಯದ ಕೊನೆಗೆ ನೋಡ್ತೀವಿ ಅಂದರೆ ನಾಲ್ಕೈದರ ವ್ಯತ್ಯಾಸ ಬಂದೇ ಬರುತ್ತೆ, ಆಗ ಯಾರದು ಸರಿ ಅಂತ ಹೇಳೋಕಾಗಲ್ಲ. ಯಾರ ಪುಸ್ತಕ ಅಧಿಕೃತ ಅಂತ ಮೊದಲೇ ಗೊತ್ತು ಮಾಡಿ. ಫೌಲ್ ಆದ (ಗೆರೆಯಾಚೆ ಹೊಡೆದ) ಚೆಂಡೂ ಲೆಕ್ಕಕ್ಕೆ, ವಾರ್ಮ್-ಅಪ್ ಎಸೆತ ಲೆಕ್ಕಕ್ಕಿಲ್ಲ. ಚೆಂಡೆಸೆಯದೆ ಬರೀ ಬಾಯಿಮಾತಲ್ಲಿ ಬೇಕಂತಲೇ ವಾಕ್ ಕೊಟ್ಟರೂ ನಾಲ್ಕು ಪಿಚ್ ಸೇರಿಸಬೇಕು.

ಬ್ಯಾಟರ್ ಎದುರಿಗಿದ್ದಾಗಲೇ ಮಿತಿ ತಲುಪಿದರೆ ಆ ಬ್ಯಾಟರ್ ಮುಗಿಯೋವರೆಗೆ ಎಸೆಯಬಹುದು. 48ರಲ್ಲಿ ಹೊಸ ಬ್ಯಾಟರ್ ಬಂದ, ಅವನು ಔಟಾಗೋ ಹೊತ್ತಿಗೆ 53 ಆಯ್ತು ಅಂದುಕೊಳ್ಳಿ. ಅಲ್ಲಿಗೇ ಪಿಚರ್ ಬದಲಿಸಿದರೆ ಎರಡೇ ದಿನ ವಿಶ್ರಾಂತಿ. ಮುಂದಿನ ಬ್ಯಾಟರ್‌ಗೆ ಒಂದು ಚೆಂಡು ಎಸೆದರೂ ಮೂರು ದಿನ. ಕೋಚ್‌ಗೆ "48" ಅಂತ ಕೂಗಿ ಹೇಳಬೇಕಾದ್ದು ಈ ಗಳಿಗೆಯಲ್ಲೇ, ಅದಕ್ಕೇ ಎಣಿಸೋರು ಡಗೌಟ್ (ತಂಡ ಕೂರೋ ಜಾಗ) ಹತ್ತಿರ ಕೂರಬೇಕು.

ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಪಿಚ್ ಹಿಡಿಯೋನು) ವಿಷಯ ಮರೀಬೇಡಿ. 41 ಅಥವಾ ಹೆಚ್ಚು ಪಿಚ್ ಎಸೆದವನು ಆ ದಿನ ಕ್ಯಾಚರ್ ಆಗುವಂತಿಲ್ಲ. ನಾಲ್ಕು ಇನ್ನಿಂಗ್ಸ್ ಕ್ಯಾಚ್ ಮಾಡಿದವನು ಆ ದಿನ ಪಿಚ್ ಮಾಡುವಂತಿಲ್ಲ. ತಂಡದ ಅತಿ ಗಟ್ಟಿ ತೋಳಿನ ಹುಡುಗನೇ ಎರಡಕ್ಕೂ ಬೇಕಾಗ್ತಾನೆ, ಅದಕ್ಕೇ ಈ ನಿಯಮ.

ಹಂಚಿಕೊಂಡ ಶೀಟ್‌ನಲ್ಲಿ ನಾಲ್ಕೇ ಕಾಲಂ: ತಾರೀಕು, ಹೆಸರು, ಪಿಚ್, ಮತ್ತೆ ಎಸೆಯಬಹುದಾದ ದಿನ. ಅದೇ ರಾತ್ರಿ ತುಂಬಬೇಕು. ಟ್ರಾವೆಲ್ ತಂಡದಲ್ಲೂ (ಊರೂರಿಗೆ ಹೋಗಿ ಆಡೋ, ಲೀಗ್ ಹೊರಗಿನ ತಂಡ) ಆಡುವ ಮಕ್ಕಳ ಅಲ್ಲಿನ ಎಸೆತ ನಿಮ್ಮ ಶೀಟ್‌ಗೆ ತಾನಾಗಿ ಬರಲ್ಲ, ಪೋಷಕರನ್ನೇ ಕೇಳಬೇಕು. ಭುಜ, ಮೊಣಕೈ ಹಾಳಾಗೋದು ಹೆಚ್ಚಾಗಿ ಈ ಸಂದಿಯಲ್ಲಿ.

ಮಣ್ಣು_ಮತ್ತು_ಸುಣ್ಣ:

ಮೈದಾನದ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಪಿಚರ್ ಪ್ಲೇಟ್ (ಪಿಚರ್ ಕಾಲಿಡೋ ಪಟ್ಟಿ) 46 ಅಡಿ, ಅಳೆಯೋದು ಹೋಂ ಪ್ಲೇಟ್‌ನ ಹಿಂದಿನ ಚೂಪು ತುದಿಯಿಂದ ಪಿಚರ್ ಪ್ಲೇಟ್‌ನ ಮುಂದಿನ ಅಂಚಿಗೆ. ಅದೇ ತುದಿಯಿಂದ ಎರಡನೇ ಬೇಸ್‌ನ ನಡುವಿಗೆ 84 ಅಡಿ 10¼ ಇಂಚು. ಮೊದಲು ಈ ಕರ್ಣ ಅಳೆದು ಎರಡನೇ ಬೇಸ್ ಗುರುತಿಸಿ, ಆಮೇಲೆ ಎರಡೂ ಕಡೆಯಿಂದ 60 ಅಡಿ ಹಿಡಿದು ಟೇಪ್ ಕೂಡುವಲ್ಲಿ ಮೊದಲನೇ, ಮೂರನೇ ಬೇಸ್. ಕಣ್ಣಂದಾಜಲ್ಲಿ ಮಾಡಿದರೆ ಫೌಲ್ ಗೆರೆ ಸೊಟ್ಟಗಾಗುತ್ತೆ.

ಡ್ರ್ಯಾಗ್ (ಮಣ್ಣು ಸಮ ಮಾಡೋ ಜಾಲರಿ) ಎಳೆಯುವಾಗ ಹುಲ್ಲಿನ ಅಂಚಿಗೆ ಒಂದಡಿ ಬಿಟ್ಟು ನಿಲ್ಲಿಸಿ, ಅಂಚನ್ನು ಕೈ ಕುಂಟೆಯಿಂದ ಎಳೆಯಿರಿ. ಅಂಚಿನವರೆಗೂ ಎಳೆದರೆ ಮಣ್ಣು ಹುಲ್ಲಿನ ಬುಡದಲ್ಲಿ ಸೇರಿ ದಿಬ್ಬ ಕಟ್ಟುತ್ತೆ. ಆಮೇಲೆ ನೆಲದ ಚೆಂಡು ಅಲ್ಲಿ ಪುಟಿದು ನೇರ ಮುಖಕ್ಕೆ ಬರುತ್ತೆ, ಮಳೆ ನೀರೂ ಒಳಗೇ ನಿಲ್ಲುತ್ತೆ.

ನೀರು ನಿಂತರೆ ಪೊರಕೆ ಹಿಡಿದು ಹುಲ್ಲಿಗೆ ತಳ್ಳಬೇಡಿ, ನೀರಿನ ಜೊತೆ ಮಣ್ಣೂ ಹೋಗುತ್ತೆ. ಸಲಿಕೆಯಿಂದ ಕೆಸರು ಎತ್ತಿ ಎಸೆಯೋದು ಇನ್ನೂ ಕೆಟ್ಟದ್ದು, ಮುಂದಿನ ಮಳೆಗೆ ಅಲ್ಲೇ ಗುಂಡಿ. ಸ್ಪಂಜು ಅಥವಾ ಕೈ ಪಂಪಿನಿಂದ ನೀರು ತೆಗೆದು, ಉಳಿದ ಪಸೆಗೆ ಸುಟ್ಟ ಜೇಡಿಮಣ್ಣಿನ ಹರಳು ಹಾಕಿ ಕುಂಟೆ ಎಳೆಯಿರಿ. ಗೆರೆಗೆ ಮೈದಾನದ ಬಿಳಿ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರ. ಗೋಡೆಗೆ ಬಳಿಯೋ ಸುಣ್ಣ ತರಬೇಡಿ, ಜಾರಿ ಬಿದ್ದ ಮಗುವಿನ ಚರ್ಮ, ಕಣ್ಣು ಸುಡುತ್ತೆ.

ಲೆಕ್ಕಪತ್ರ:

ತೋಚದೆ ಇರೋದು ಕೇಳಿದ್ರಲ್ಲ. ಕೋಚ್ ಆಗಲಿ, ತಂಡದ ಅಮ್ಮಂದಿರಾಗಲಿ, ಮಕ್ಕಳ ಜೊತೆ ಪದೇ ಪದೇ ಇರೋ ಯಾರೇ ಆಗಲಿ, ಹಿನ್ನೆಲೆ ಪರಿಶೀಲನೆ ಪ್ರತಿ ವರ್ಷ ಹೊಸದಾಗಿ ಆಗಬೇಕು, ಮೊದಲ ಅಭ್ಯಾಸಕ್ಕೆ ಮುಂಚೆ. "ಹೋದ ವರ್ಷ ಆಗಿತ್ತಲ್ಲ" ನಡೆಯಲ್ಲ. ಮಗುವಿನ ಮೇಲೆ ದೌರ್ಜನ್ಯದ ಅನುಮಾನ ಬಂದರೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. 2018ರ ಅಮೆರಿಕದ ಫೆಡರಲ್ ಕಾನೂನು ಅದು. ಮೊದಲು ಬೋರ್ಡ್‌ನಲ್ಲಿ ಚರ್ಚಿಸೋಣ ಅಂತ ಕೂರಬೇಡಿ.

ಬ್ಯಾಟ್: 2018ರಿಂದ ಯುಎಸ್‌ಎ ಬೇಸ್‌ಬಾಲ್ ಮುದ್ರೆ ಇರಬೇಕು. ಟ್ರಾವೆಲ್ ತಂಡದ ಯುಎಸ್‌ಎಸ್‌ಎಸ್‌ಎ (ಬೇರೊಂದು ಸಂಸ್ಥೆ) ಮುದ್ರೆಯದು ಇಲ್ಲಿ ನಡೆಯಲ್ಲ, ಅದನ್ನು ಪೋಷಕರು ದುಬಾರಿ ಕೊಟ್ಟು ತಂದು ಮೈದಾನದಲ್ಲಿ ಮುಖ ಸಪ್ಪೆ ಮಾಡ್ಕೋತಾರೆ. ನೋಂದಣಿ ಇಮೇಲ್‌ನಲ್ಲೇ ಮುದ್ರೆಯ ಚಿತ್ರ ಹಾಕಿ.

ಜೆರ್ಸಿ ಮೇಲೆ ಮಗುವಿನ ಹೆಸರು ಬೇಡ, ನಂಬರ್ ಸಾಕು. ತಂಡ ಬದಲಾದಾಗ, ತಡವಾಗಿ ಸೇರಿದಾಗ ಮರುಮುದ್ರಣದ ಖರ್ಚು ಉಳಿಯುತ್ತೆ. ಚೆಕ್‌ಗೆ ಎರಡು ಸಹಿ, ಕ್ಯಾಂಟೀನ್ ದುಡ್ಡು ಎಣಿಸೋದೂ ಇಬ್ಬರೇ.

ಹೊಸ_ಸಂಯೋಜಕಿ:

ತುಂಬಾ ಉಪಕಾರ. ಮಂಗಳವಾರ–ಬುಧವಾರ ಅಂತಲೇ ಬರೆದುಕೊಂಡೆ. ಇನ್ನೊಂದೇ ಪ್ರಶ್ನೆ: ಮಳೆ, ಗುಡುಗು ಬಂದಾಗ ನಿಲ್ಲಿಸೋ ಅಧಿಕಾರ ಯಾರದು?

ವೇಳಾಪಟ್ಟಿ_ಮಾಸ್ತರ:

ಪಂದ್ಯ ಶುರುವಾಗೋವರೆಗೆ ಲೀಗ್‌ನದು, ಶುರುವಾದ ಮೇಲೆ ಅಂಪೈರ್‌ದು. ಲೀಗ್ ಕಡೆಯಿಂದ ಒಬ್ಬರೇ ಇರಲಿ, ವಾರದ ದಿನ ಸಂಜೆ 4ಕ್ಕೆ, ಶನಿವಾರ ಬೆಳಿಗ್ಗೆ 7:30ಕ್ಕೆ ಒಂದೇ ಸಂದೇಶ. ಇಬ್ಬರಿಗೆ ಕೊಟ್ಟರೆ ಒಬ್ಬರು ರದ್ದು ಅಂತಾರೆ, ಇನ್ನೊಬ್ಬರು ಬನ್ನಿ ಅಂತಾರೆ. ಗುಡುಗು ಕೇಳಿದರೆ ಅಂಪೈರ್ ತಕ್ಷಣ ನಿಲ್ಲಿಸಬೇಕು, ಮಕ್ಕಳೆಲ್ಲ ಕಾರಿಗೆ ಅಥವಾ ಕಟ್ಟಡದೊಳಗೆ. ಡಗೌಟ್ ಆಸರೆಯಲ್ಲ. ಕೊನೆಯ ಗುಡುಗಿನಿಂದ 30 ನಿಮಿಷ, ನಡುವೆ ಮತ್ತೆ ಕೇಳಿದರೆ ಗಡಿಯಾರ ಮತ್ತೆ ಸೊನ್ನೆಯಿಂದ. ನಿಮ್ಮಲ್ಲಿ ದೀಪ ಇಲ್ಲ, ಸಂಜೆ ಪಂದ್ಯದಲ್ಲಿ ಒಂದು ಸಲ ಗಡಿಯಾರ ಮರಳಿ ಶುರುವಾಯ್ತು ಅಂದರೆ ಕಾಯೋದು ದಂಡ, ಮನೆಗೆ ಕಳಿಸಿ ಉಳಿದ ಏಳರಲ್ಲಿ ಒಂದು ಸ್ಲಾಟ್ ಬಳಸಿಕೊಳ್ಳಿ.